ಅವ್ವ ಬಿಟ್ಟ ಜಾಗದಲ್ಲಿ ಸುದ್ದಿ

ಬೆಸುಗೆ ಕಡ್ಡಿಯ ಕಾವಿಗೆ ಸುಟ್ಟೂ ಸುಟ್ಟೂ ಅವರ ಬಲಗೈ ಹೆಬ್ಬೆರಳು ನುಣ್ಣಗಾಗಿತ್ತು. ಗೆರೆಗಳೇ ಇರಲಿಲ್ಲ. “ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ್ರ ಸರಕಾರಕ್ಕ ಬರೇ ಮಸಿ ಸಿಗತದ” ಎಂದು ನಗುತ್ತಿದ್ದರು. ವಾಡಿ ಸ್ಟೇಷನ್ನಿನ ಹೊರಗೆ, ಚಹಾದಂಗಡಿಯ ಮಗ್ಗುಲಿಗೆ, ಇಬ್ಬರು ನಿಂತರೆ ತುಂಬಿಹೋಗುವಂಥ ರೇಡಿಯೋ ರಿಪೇರಿ ಅಂಗಡಿ ಅವರದು. ರೈಲ್ವೆ ಕ್ವಾರ್ಟರ್ಸಿನ ಮಂದಿಯೆಲ್ಲ ರೇಡಿಯೋ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮದುವೆಯಾಗಿ ವಾಡಿಗೆ ಬಂದಾಗ ನನ್ನ ಜೊತೆ ತವರಿನ ರೇಡಿಯೋ ಬಂದಿತ್ತು. ಯಜಮಾನರದು ರೈಲ್ವೆಯ ಪಾಳಿ ಕೆಲಸ. ಹಗಲಿಡೀ ನನ್ನ ಜೊತೆ ಮಾತಾಡುವುದು ಅದೊಂದೇ. ತಿಂಗಳೊಳಗೆ ಅದೂ ಗೊರಗೊರ ಎನ್ನತೊಡಗಿತು. ಕಾಕಾ ಹಿಂದಿನ ಮುಚ್ಚಳ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಬೂದುಬಣ್ಣದ ಧೂಳು ಹೊಗೆಯಂತೆ ಎದ್ದಿತು.

“ಸಿಮೆಂಟಿನ ಊರು ಮಗಳಾ. ಇಲ್ಲಿ ರೇಡಿಯೋಕ್ಕೂ ದಮ್ಮು ಬರ್ತದ.”

ರಿಪೇರಿಯಾದದ್ದನ್ನು ಎಲ್ಲರ ಹಾಗೆ ಜೋರಾಗಿ ಹಚ್ಚಿ ತೋರಿಸುವವರಲ್ಲ ಅವರು. ಸಣ್ಣಗೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕಿವಿ ತಾಗಿಸಿ ಕೇಳುತ್ತಿದ್ದರು. “ಹಾಡು ಯಾರಾದ್ರೂ ಕೇಳ್ತಾರ. ಹಾಡಿನ ಹಿಂದ ಏನದ, ಅದನ್ನ ಕೇಳಬೇಕು” ಎನ್ನುತ್ತಿದ್ದರು. ಆ ಮಾತಿಗೇ ನಾನು ಅವರನ್ನು ನಂಬಿದ್ದು.

ಕ್ಯಾಸೆಟ್ಟಿನ ಕಾಲ ಬಂದಾಗ ಕಾಕಾ ಹೈದರಾಬಾದಿನಿಂದ ಒಂದು ಟೇಪ್‌ರೆಕಾರ್ಡರ್ ತಂದರು. ಅದರ ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. “ಕಾನ್ವೆಂಟ್ ಸಾಲಿ ಕಲಿತಾಕಿ ಇದ್ದಿ, ಓದಿ ಹೇಳು” ಎಂದು ನಮ್ಮ ಮನೆಗೇ ತಂದುಕೊಟ್ಟರು. ನಾನು ಅಕ್ಕಿ ಆರಿಸುತ್ತ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಚಿಪ್ಪು ಇರುತ್ತವೆ. ಮುರಿದರೆ ಅದರ ಮೇಲೆ ಮತ್ತೆ ಯಾವ ದನಿಯನ್ನೂ ತುಂಬಲಾಗದು. ಮತ್ತೆ ತುಂಬಬೇಕೆನಿಸಿದರೆ ಆ ತೂತಿನ ಮೇಲೆ ಕಾಗದ ಅಂಟಿಸಬೇಕು. ಚಿಪ್ಪು ಮುರಿಯುವ ಸಾಲಷ್ಟೇ ಓದಿ ಬಿಡಬಹುದಿತ್ತು. ಕಾಗದ ಅಂಟಿಸುವುದನ್ನೂ ಓದಿದೆ.

ಚಿತ್ತಾಪುರದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದ ವರ್ಷ ಕಾಕಾ ತಾವಾಗಿಯೇ ಹೇಳಿದರು: “ಅವ್ವಾರು ಛಂದ ಹಾಡ್ತಾರಂತಲ್ಲ. ನಡಿ, ತುಂಬಿಕೊಂಡು ಬರೂಣು.” ಟೇಪ್‌ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ನನ್ನ ಜೊತೆ ಬಂದರು.

ಅವ್ವ ಓಣಿಯ ಭಜನೆಯಲ್ಲಿ ಮುಂದೆ ಹೇಳುವವಳು. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಅಂದು ಒಬ್ಬಳೇ ಇದ್ದರೂ, ಒಂದು ಸಾಲು ಹೇಳಿ ಸುಮ್ಮನಾದಳು. ಮತ್ತೊಂದು ಸಾಲು, ಮತ್ತೆ ಸುಮ್ಮನೆ.

“ನಡಕ ಯಾಕ ನಿಂದರ್ತೀರಿ ಅವ್ವಾರೆ? ಹಂಗಾ ಹೇಳ್ಕೋತ ಹೋಗ್ರಿ” ಎಂದರು ಕಾಕಾ.

“ಹಿಂದ ಹೇಳೋರಿಗಿ ಜಾಗಾ ಬಿಡಬೇಕಲ್ಲೋ ತಮ್ಮಾ!” ಎಂದು ಅವ್ವ ಗದರಿದಳು. “ಎಲ್ಲಾ ನಾನಾ ಹೇಳಿದ್ರ ಅದೇನು ಭಜನಿ?”

ಕಾಕಾ ನಕ್ಕು ಕೈಮುಗಿದರು. ಅಂಥದೇ ಒಂದು ಜಾಗದಲ್ಲಿ ಅವ್ವ ಅಡುಗೆಮನೆಯಲ್ಲಿದ್ದ ನನಗೆ, “ಹಾಲು ಉಕ್ಕಲಿಕತ್ತದ ನೋಡವಾ” ಎಂದಳು. ಅದೂ ಟೇಪಿನಲ್ಲಿ ಬಂತು. ಬಳೆಗಳ ಸದ್ದು, ಎಳೆದುಕೊಳ್ಳುವ ಉಸಿರು, ಒಮ್ಮೆ ಕೆಮ್ಮು, ಎಲ್ಲ ಬಂದವು. ಕಾಕಾ ಅಲ್ಲೇ ಚಿಪ್ಪು ಮುರಿದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು.

ಮಳೆಗಾಲಕ್ಕೆ ಮುಂಚೆ ಅವ್ವ ಹೋದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ, ಯಜಮಾನರು ಕೊಂಡುತಂದಿದ್ದ ಟೇಪಿನಲ್ಲಿ ನಾನು ಆ ಕ್ಯಾಸೆಟ್ ಹಚ್ಚುತ್ತಿದ್ದೆ. ಹಾಡು ಯಾರ ಬಾಯಲ್ಲಾದರೂ ಕೇಳಬಹುದು. ನಾನು ಕಾಯುತ್ತಿದ್ದದ್ದು ಹಾಲಿನ ಮಾತಿಗೆ.

ದಿಲ್ಲಿಯಲ್ಲಿ ಪ್ರಧಾನಿಯವರನ್ನು ಕೊಂದರೆಂಬ ಸುದ್ದಿ ಬಂದಾಗ ಆ ಕ್ಯಾಸೆಟ್ ಕಾಕಾನ ಅಂಗಡಿಯಲ್ಲಿತ್ತು. ಟೇಪು ಸಡಿಲಾಗಿ ದನಿ ಎಳೆಯುತ್ತಿದೆಯೆಂದು ನಾನೇ ಕೊಟ್ಟುಬಂದಿದ್ದೆ. ಬಜಾರ ಬಂದ್ ಆಯಿತು. ರೇಡಿಯೋದಲ್ಲಿ ಹಾಡು ನಿಂತವು. ಬರೀ ಶೋಕದ ವಾದ್ಯ, ನಡುನಡುವೆ ಸುದ್ದಿ. ಮೂರನೆಯ ದಿನ ಸ್ಟೇಷನ್ ಮುಂದೆ ಶೋಕಸಭೆ ಸೇರಿತು. ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಕಂಬಕ್ಕೆ ಕಟ್ಟಿದ್ದ ಭೋಂಗಾ ಸ್ಪೀಕರಿನಲ್ಲಿ ನನ್ನ ಅವ್ವ ಹಾಡಿದಳು.

ಸುಳ್ಳು ಯಾಕೆ ಹೇಳಲಿ, ಮೊದಲು ಸಂತೋಷವೇ ಆಯಿತು. ಊರಿಗೆಲ್ಲ ಕೇಳುವ ಹಾಗೆ ಅವ್ವನ ದನಿ! ಒಂದು ಸಾಲು ಮುಗಿಯಿತು. ಅವಳು ಉಸಿರೆಳೆದುಕೊಳ್ಳುವ ಜಾಗದಲ್ಲಿ ಗಂಡಸಿನ ದನಿಯೊಂದು ದಿಲ್ಲಿಯ ಸುದ್ದಿ ಓದಿತು. ಮತ್ತೆ ಅವ್ವ. ಮತ್ತೆ ಸುದ್ದಿ. ಆಮೇಲೆ ಮಂದಿ ಅಳುವ ಸದ್ದು, ಮತ್ತೆ ಅವ್ವ.

ಪಕ್ಕದ ಮನೆಯ ಗಾರ್ಡ್ ಸಾಹೇಬರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದರು: “ಯಾವ ಸ್ಟೇಷನ್ ಹಚ್ಚ್ಯಾರ್ರಿ ಬಾಯಾರೆ? ಕರುಳು ಕಿತ್ತು ಬರ್ತದ ನೋಡ್ರಿ.”

ನಾನು ಚಪ್ಪಲಿಯನ್ನೂ ಮೆಟ್ಟದೆ ಹೋದೆ. ಕಾಕಾ ಅಂಗಡಿಯ ಅರ್ಧ ಬಾಗಿಲು ತೆರೆದು ಕೂತಿದ್ದರು. ಮುಖ ಬೆಳಗುತ್ತಿತ್ತು.

“ಕೇಳ್ದೇನು ಮಗಳಾ? ಅವ್ವಾರ ದನಿಗಿ ಇಡೀ ವಾಡಿ ಅಳಲಿಕತ್ತದ. ಹೊರದೇಶದ ಒಂದು ಸ್ಟೇಷನ್ನಿನಾಗ ಹಿಂಗಾ ಹಾಡಿನ ನಡಕ ಸುದ್ದಿ ಕೂಡಿಸಿ ಹಾಕಿದ್ರು. ಅದನ್ನ ಕೇಳಿ ನಿದ್ದಿ ಬರಲಿಲ್ಲ ನಂಗ.”

“ನನ್ನ ಕ್ಯಾಸೆಟ್ ಎಲ್ಲದ ಕಾಕಾ?”

“ಅಲ್ಲಿ ಹಾಡಲಿಕತ್ತಿದ್ದು ಅದೇ ಮಗಳಾ. ಬಜಾರ ಬಂದ್ ಅದ, ಖಾಲಿ ಕ್ಯಾಸೆಟ್ ಎಲ್ಲಿ ತರಲಿ? ಅದರ ಮ್ಯಾಲಾ ತುಂಬೀನಿ. ಹಾಡಿನ ಒಂದಕ್ಷರ ಮುಟ್ಟಿಲ್ಲ, ದೇವರಾಣಿ. ಅವ್ವಾರು ಸುಮ್ಮನಾದಲ್ಲಿ ಅಷ್ಟೇ ಗುಂಡಿ ಒತ್ತೀನಿ. ಅಲ್ಲಿ ಖಾಲಿ ಇತ್ತಲ್ಲ.”

“ಖಾಲಿ ಇರಲಿಲ್ಲ ಕಾಕಾ. ಹಾಲು ಉಕ್ಕಲಿಕತ್ತಿತ್ತು.”

ಅವರಿಗೆ ತಿಳಿಯಿತು. ತಿಳಿದದ್ದು ನನಗೂ ಕಾಣಿಸಿತು. ಆ ಮಾತು ತುಂಬುವಾಗ ಅವ್ವನ ಎದುರಿಗೇ ಕೂತಿದ್ದವರಲ್ಲವೇ. ನುಣ್ಣಗಿನ ಹೆಬ್ಬೆರಳಿನಿಂದ ಮೇಜಿನ ಅಂಚನ್ನು ಒರೆಸುತ್ತ ಕೂತರು. ಸಭೆ ಮುಗಿದ ಮೇಲೆ ಕ್ಯಾಸೆಟ್ ಕೈಗೆ ಬಂತು. ಬೆನ್ನಿನ ತೂತಿನ ಮೇಲೆ ಹಳೆಯ ರೈಲ್ವೆ ಟೈಮ್‌ಟೇಬಲ್ಲಿನ ಒಂದು ಚೂರು ಅಂಟಿಸಿದ್ದರು, ಅಂಚು ಕೂಡ ಎದ್ದಿರಲಿಲ್ಲ. ಎಷ್ಟು ಅಚ್ಚುಕಟ್ಟು! ಅದೇ ನನಗೆ ಹೆಚ್ಚು ನೋಯಿಸಿತು. ಅರಿಯದವರ ಕೈಗೆ ಸಿಕ್ಕು ಹಾಳಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಹಾಡಿನ ಹಿಂದೆ ಏನಿದೆ ಕೇಳು ಎಂದು ಕಲಿಸಿದವರೇ ಅದನ್ನು ಅಳಿಸಿದ್ದರು.

ಆಮೇಲೆ ನಾನು ಆ ಅಂಗಡಿಗೆ ಹೋಗಲಿಲ್ಲ. ರೇಡಿಯೋ ಕೆಟ್ಟರೆ ಯಜಮಾನರು ಶಹಾಬಾದಿಗೆ ಒಯ್ಯುತ್ತಿದ್ದರು. ಒಂದು ಸಂಜೆ ಕಾಕಾ ಟೇಪ್‌ರೆಕಾರ್ಡರ್ ಹಿಡಿದು ಬಾಗಿಲಿಗೆ ಬಂದರು. “ನಿನ್ನ ದನಿ ಅವ್ವಾರಂಗೇ ಅದ ಮಗಳಾ. ಆ ಹಾಲಿನ ಮಾತು ನೀ ಒಮ್ಮೆ ಹೇಳು. ಅದೇ ಜಾಗಾದಾಗ ಕೂಡಿಸಿ ಕೊಡ್ತೀನಿ” ಎಂದರು.

“ನನ್ನ ದನಿ ಯಾರಿಗಿ ಬೇಕಾಗ್ಯಾದ ಕಾಕಾ?” ಎಂದು ಬಾಗಿಲು ಮುಂದೆ ಮಾಡಿದೆ. ಕುಂದ್ರಿ ಎನ್ನಲಿಲ್ಲ, ನೀರು ಕೊಡಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ಯಜಮಾನರೊಬ್ಬರೇ ಹೋಗಿಬಂದರು.

ಅವ್ವನ ದನಿ ನನಗೆ ಉಳಿದಿರುವುದು ಅವರಿಂದಲೇ. ಅದನ್ನು ಮರೆತಿಲ್ಲ, ಅವರನ್ನು ಕ್ಷಮಿಸಿಯೂ ಇಲ್ಲ. ಈಗಲೂ ವರ್ಷಕ್ಕೊಮ್ಮೆ ಆ ಕ್ಯಾಸೆಟ್ ಹಚ್ಚುತ್ತೇನೆ. ಸುದ್ದಿಯಿಲ್ಲದ ಜಾಗ ಒಂದೇ ಒಂದು ಉಳಿದಿದೆ, ಕಟ್ಟಕಡೆಯ ಸಾಲಿನ ನಂತರ. ಅಲ್ಲಿ ಅವ್ವ ಉಸಿರು ಬಿಡುತ್ತಾಳೆ, ಬಳೆ ಸದ್ದಾಗುತ್ತದೆ. ಹತ್ತಿರದಿಂದ ಕಾಕಾ ಮೆಲ್ಲಗೆ, “ಇನ್ನೊಂದು ಹೇಳ್ರಿ ಅವ್ವಾರೆ” ಎನ್ನುತ್ತಾರೆ. ಅಷ್ಟಕ್ಕೇ ಟೇಪು ಮುಗಿಯುತ್ತದೆ.