ಹೆಸರಿನ ಪಕ್ಕ ನಾಲ್ಕು ಬೆರಳು

ಬೆಳಗಿನ ಆರು ಗಂಟೆ. ಸೊರಬದ ಈ ಕಲ್ಯಾಣ ಮಂಟಪದ ಅಂಗಳದಲ್ಲಿ ಇನ್ನೂ ಯಾರೂ ಅಂಗಡಿ ಹೂಡಿಲ್ಲ. ಮೂಲೆಯ ನಲ್ಲಿಯ ಹತ್ತಿರ ಮಾತ್ರ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಕೂತಿದ್ದಾರೆ. ಎದುರಿಗೆ ಹನ್ನೆರಡು ತಂಬಿಗೆ, ಐದು ಚೊಂಬು, ಎರಡು ಕೊಳಗ, ಕಾಲು ಮುರಿದ ಒಂದು ದೀಪದ ಕಂಬ. ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ಹಿತ್ತಾಳೆಯ ಮೈ ತಿಕ್ಕುತ್ತಾರೆ. ಕಪ್ಪು ನೀರು ಇಳಿದು ಹಳದಿ ಬಣ್ಣ ಮೇಲೆ ಬರುತ್ತದೆ. ತೊಳೆದ ತಂಬಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಹೊಳಪು ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಅಲ್ಲ, ಹೆಸರು ಓದುತ್ತಿದ್ದಾರೆ.

“ನಾಗವೇಣಿ, ಬಳ್ಳಿಗಾವಿ” ಎಂದು ನಿಧಾನಕ್ಕೆ ಓದಿ ತಂಬಿಗೆಯನ್ನು ನನ್ನ ಕೈಗೆ ಕೊಡುತ್ತಾರೆ. “ಇದು ನನ್ನ ಕೈದಲ್ರಿ, ಮಷೀನಿಂದು. ಗೆರೆ ಎಳೆದಂಗ ಐತಿ ನೋಡ್ರಿ. ನಂದು ಚುಕ್ಕಿ ಚುಕ್ಕಿ ಇರ್ತೈತಿ. ಬೆರಳಾಡಿಸಿದ್ರ ಸಾಕು, ಗೊತ್ತಾಗ್ತೈತಿ.”

ಇವರು ಯಮುನಮ್ಮ. ಶಿಕಾರಿಪುರದವರು, ವಯಸ್ಸು ಅರವತ್ತು. ಮೂವತ್ನಾಲ್ಕು ವರ್ಷದಿಂದ ಪಾತ್ರೆಗಳ ಮೇಲೆ ಚಾಣ, ಸುತ್ತಿಗೆ ಹಿಡಿದು ಹೆಸರು ಹಾಕುತ್ತಿದ್ದಾರೆ. ನಿಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಕೊಡವೊಂದನ್ನು ಇಳಿಸಿ ನೋಡಿ, ಕಂಠದ ಕೆಳಗೆ ಅಜ್ಜಿಯದೋ ಅತ್ತೆಯದೋ ಹೆಸರಿರುತ್ತದೆ. ಅದನ್ನು ಬರೆದವರು ಯಾರು ಎಂದು ನಾವು ಯಾವತ್ತೂ ಕೇಳಿಲ್ಲ. ಉಂಡು ಎದ್ದ ಮೇಲೆ ಅಡುಗೆಯವರ ಹೆಸರನ್ನೂ ಕೇಳದ ಜನ ನಾವು, ಇದನ್ನೆಲ್ಲಿ ಕೇಳಿಯೇವು.

ಉಳಿದ ಪಾತ್ರೆಗಳಿಂದ ದೂರ, ಗೋಡೆಯ ಬದಿಗೆ, ಒಂದು ತಾಮ್ರದ ಕೊಡ ಟವೆಲ್ ಹೊದ್ದು ಕೂತಿದೆ. ಯಮುನಮ್ಮ ಅದನ್ನು ಎರಡು ಸಲ ತಿಕ್ಕಿದ್ದಾರಂತೆ, ಮೂರನೆಯ ಸಲಕ್ಕೆ ಮತ್ತೆ ಎಳೆದುಕೊಳ್ಳುತ್ತಾರೆ. “ಇದರ ಮನಿಯವರು ಇವತ್ತು ಬರ್ತಾರ್ರಿ. ಅವರ ಮದುವಿ ದಿನ ಅಳಿಸಿದಾಕಿ ನಾನು. ಬೈದ್ರ ಬೈಸ್ಕೊಂತೀನಿ. ಕೊಡ ಮಾತ್ರ ತಗೊಂಡು ಹೋದ್ರ ಸಾಕು.”

ಆ ಕತೆಗೆ ಮೂವತ್ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಶಿಕಾರಿಪುರದ ಪೇಟೆಯಲ್ಲಿ ಮಲ್ಲಿಕಾರ್ಜುನಪ್ಪ ಎಂಬುವರ ಪಾತ್ರೆ ಅಂಗಡಿ ಇತ್ತು. ಅದರ ಜಗಲಿಯ ಮೇಲೆ ಮರಳು ತುಂಬಿದ ಚೀಲ ಇಟ್ಟುಕೊಂಡು ಹೆಸರು ಹಾಕುತ್ತಿದ್ದವರು ಯಮುನಮ್ಮನ ಗಂಡ ರಂಗಪ್ಪ. ಒಂದು ದಿನ ತಾಮ್ರದ ಚೂರು ಸಿಡಿದು ಅವರ ಕಣ್ಣಿಗೆ ಬಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಮದುವೆಗಳ ಕಾಲ, ಅಂಗಡಿಯ ತುಂಬ ಪಾತ್ರೆ. ಇಪ್ಪತ್ತಾರರ ಯಮುನಮ್ಮ ಗಂಡನ ಜಾಗದಲ್ಲಿ ಹೋಗಿ ಕೂತರು. ಕೈ ಚೆನ್ನಾಗಿತ್ತು. ಆದರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

“ಓದಾಕ ಬರ್ತಿರ್ಲಿಲ್ರಿ. ಚೀಟಿಯಾಗ ಹೆಂಗ ಐತೋ ಹಂಗ ತೆಗೀತಿದ್ದೆ, ರಂಗೋಲಿ ಹಾಕಿದಂಗ. ಒಂದಕ್ಷರಕ್ಕ ಐವತ್ತು ಪೆಟ್ಟು ಬೀಳ್ತಿತ್ತು. ದಿನಕ್ಕ ಇಪ್ಪತ್ತು, ಮೂವತ್ತು ಹೆಸರು. ನಮ್ಮನಿಯವರು ಆಸ್ಪತ್ರಿಯಾಗ ಮಲಗಿದಲ್ಲೇ ಒಂದು ಮಾತು ಹೇಳಿದ್ರು. ಮದುವಿ ಹುಡುಗಿ ಹೆಸರಿನ ಪಕ್ಕ ನಾಲ್ಕು ಬೆರಳು ಜಾಗ ಬಿಡು, ಮುಂದ ಅವರಿಗೆ ಏನರ ಹಾಕಿಸ್ಬೇಕು ಅನ್ನಿಸಬಹುದು ಅಂತ.”

ಅದೇ ವಾರ ಎರಡು ಮದುವೆಯ ಕೊಡಗಳು ಒಟ್ಟಿಗೆ ಬಂದವು. ಒಂದು ತಾಮ್ರದ್ದು, ಜಡೆ ಎಂಬ ಊರಿಗೆ ಸೊಸೆಯಾಗಿ ಹೋಗುವ ಬಂಗಾರಮ್ಮನದು. ಇನ್ನೊಂದು ಹಿತ್ತಾಳೆಯದು, ಉಡುತಡಿಗೆ ಹೋಗುವ ಶಕುಂತಲಮ್ಮನದು. ಹುಡುಗಿಯ ಹೆಸರಿನ ಮುಂದೆ ಅವಳು ಸೇರುವ ಊರಿನ ಹೆಸರು ಹಾಕುವುದು ವಾಡಿಕೆ. ಹತ್ತು ಮನೆಯ ಪಾತ್ರೆ ಒಂದು ಅಡುಗೆಗೆ ಸೇರಿದಾಗ ಗುರುತು ಹತ್ತಬೇಕಲ್ಲ. ಚೀಟಿಗಳು ಕೊಡಗಳ ಬಾಯೊಳಗಿದ್ದವು. ಯಮುನಮ್ಮ ಚೀಟಿ ತೆಗೆದಿಟ್ಟು, ಕೊಡಗಳನ್ನು ತೊಳೆದು ಒರೆಸಿ, ಚೀಟಿಯನ್ನು ಮತ್ತೆ ಒಳಗೆ ಹಾಕಿದರು. ಅದರದು ಇದಕ್ಕೆ, ಇದರದು ಅದಕ್ಕೆ. ಓದಲು ಬರುವವರು ಒಂದು ಕ್ಷಣದಲ್ಲಿ ತಿದ್ದಿಕೊಳ್ಳುವ ತಪ್ಪು. ಅವರು ಅಕ್ಷರಕ್ಕೆ ಐವತ್ತು ಪೆಟ್ಟಿನಂತೆ ಅದನ್ನೇ ಅಂದವಾಗಿ ಕೆತ್ತಿದರು.

ಗೊತ್ತಾದದ್ದು ಜಡೆಯಲ್ಲಿ, ಮನೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ. ಹೊಸ ಸೊಸೆ ತವರಿನ ಕೊಡದಲ್ಲಿ ನೀರು ಹೊತ್ತು ಹೊಸ್ತಿಲು ದಾಟಿ ಆಗಿತ್ತು. ಕೊಡ ಇಳಿಸಿದ ಮೇಲೆ ಯಾರೋ ಹಿರಿಯರು ‘ಶಕುಂತಲಮ್ಮ, ಉಡುತಡಿ’ ಎಂದು ಜೋರಾಗಿ ಓದಿದರು. ಹುಡುಗಿ ಅಲ್ಲೇ ಅತ್ತಳು. ಮರುದಿನ ಅವಳ ಅಣ್ಣ ಅಂಗಡಿಗೆ ಬಂದು ಕೂಗಾಡಿದರು. ಹೆಸರು ಬಡಿದು ಅಳಿಸಿಕೊಡುತ್ತೇವೆ ಎಂದರೆ ಅವರ ಅಜ್ಜಿ ಒಪ್ಪಲಿಲ್ಲ. ಯಾರ ಮನೆಯ ಮಗಳಾದರೇನು, ಮದುವಣಗಿತ್ತಿಯ ಹೆಸರಿನ ಮೇಲೆ ಸುತ್ತಿಗೆ ಆಡಿಸಬಾರದು ಎಂದರಂತೆ. ಹೊಸ್ತಿಲು ದಾಟಿ ಬಂದ ಕೊಡವನ್ನು ಬದಲಾಯಿಸುವಂತೆಯೂ ಇಲ್ಲ. ಉಡುತಡಿಯವರಂತೂ ಕೇಳಲು ಬರಲೇ ಇಲ್ಲ. ಬೈದವರ ಮಾತು ಒಂದು ದಿನಕ್ಕೆ ಮುಗಿಯಿತು, ಬೈಯದವರದು ಹೆಚ್ಚು ಕಾಡಿತು ಎನ್ನುತ್ತಾರೆ ಯಮುನಮ್ಮ.

“ಆವತ್ತ ಮಲ್ಲಿಕಾರ್ಜುನಪ್ಪೋರ ಮುಂದ ಕೂತು ಆ ಎರಡೂ ಚೀಟಿ ಓದಿಸಿಕೊಂಡೆ. ಬ, ಗಾ, ಶ, ಕು. ನಾ ಕಲಿತ ಮೊದಲ ಅಕ್ಷರ ಅವೇ ನೋಡ್ರಿ. ಒಂದು ವರ್ಷದಾಗ ಪೇಪರ್ ಓದಾಕ ಹತ್ತಿದ್ದೆ.”

ಅಂದಿನಿಂದ ಅವರದೊಂದು ಕಟ್ಟುನಿಟ್ಟು ಉಂಟು. ಹೆಸರು ಹಾಕಿಸುವವರು ಅದನ್ನು ಬಾಯಿಬಿಟ್ಟು ಹೇಳಬೇಕು, ಇವರು ಚೀಟಿ ನೋಡಿ ಓದಬೇಕು, ಎರಡೂ ಹೊಂದಬೇಕು. ರಂಗಪ್ಪನವರ ಒಂದು ಕಣ್ಣು ಉಳಿಯಿತಾದರೂ ಅವರು ಮತ್ತೆ ಚಾಣ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಅಷ್ಟರಲ್ಲಿ ಕೆಲಸವೂ ಕರಗಿತು. ಮೊದಲು ಕರೆಂಟಿನ ಮಷೀನು ಬಂತು. ಆಮೇಲೆ ಮದುವೆಗೆ ಪಾತ್ರೆ ಕೊಡುವುದೇ ನಿಂತು ದುಡ್ಡಿನ ಕವರು ಬಂತು. ಕವರಿನ ಮೇಲೆ ಹೆಸರು ಬರೆಯಲು ಚಾಣ ಬೇಕಿಲ್ಲ. ಎರಡು ವರ್ಷ ಯಮುನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದರು. ಅವರನ್ನು ಎಬ್ಬಿಸಿದ್ದು ಈ ಸಂತೆ. ಹಳೆಯ ವಸ್ತು ಮತ್ತು ಕೈಗೆಲಸದ ಈ ಸಂತೆ ತಿಂಗಳಿಗೊಂದು ಭಾನುವಾರ ನಡೆಯುತ್ತದೆ, ಒಮ್ಮೆ ಸೊರಬದಲ್ಲಿ, ಒಮ್ಮೆ ಶಿಕಾರಿಪುರದಲ್ಲಿ. ನಡೆಸುವವರಲ್ಲಿ ಮುಂದಾಳು ಸೌಂದರ್ಯ ಎಂಬ ಶಾಲಾ ಶಿಕ್ಷಕಿ. ಗುಜರಿ ಅಂಗಡಿಗಳಲ್ಲಿ ಹಳೆಯ ಹಿತ್ತಾಳೆ, ತಾಮ್ರ ಆರಿಸಿ ತಂದು, ತಿಕ್ಕಿ, ಬೇಕಾದ್ದಕ್ಕೆ ಕಲಾಯಿ ಹಾಕಿಸಿ ಯಮುನಮ್ಮ ಇಲ್ಲಿ ಮಾರುತ್ತಾರೆ. ಕೊಂಡವರಿಗೆ ಹೆಸರು ಹಾಕಿಕೊಡುವುದು ಪುಕ್ಕಟೆ.

ಒಂಬತ್ತಕ್ಕೆ ಅಂಗಳ ತುಂಬಿದೆ. ಬೆತ್ತದ ಬುಟ್ಟಿ, ಕೌದಿ, ಭತ್ತದ ತೆನೆಯ ತೋರಣ, ಚನ್ನೆಮಣೆ, ಮುಟ್ಟಿದರೆ ಕರಕರ ಎನ್ನುವ ಒಂದು ರೇಡಿಯೊ. ಕೌದಿ ಅಂಗಡಿಯ ಮುಂದೆ ನಿಂತ ಒಬ್ಬರು ‘ಹಳೇ ಸೀರೆಗೆ ಇಷ್ಟಾ’ ಎಂದು ಮೂಗು ಮುರಿದು, ಇಡೀ ಸಂತೆ ಸುತ್ತಿ ಬಂದು ಅದನ್ನೇ ಕೊಳ್ಳುತ್ತಾರೆ. ಯಮುನಮ್ಮನ ಮುಂದೆ ಕಾಲೇಜು ಹುಡುಗಿಯೊಬ್ಬಳು ಸ್ಟೀಲ್ ಬಾಟಲಿ ಹಿಡಿದು ನಿಂತಿದ್ದಾಳೆ. ಮತ್ತೊಬ್ಬರು ನಾಯಿಯ ತಟ್ಟೆಗೆ ನಾಯಿಯ ಹೆಸರು ಹಾಕಿಸುತ್ತಾರೆ. “ಕರೆದ್ರ ಬರ್ತೈತೇನ್ರಿ ಈ ಹೆಸರಿಗೆ? ಹಂಗಾದ್ರ ಹಾಕ್ತೀನಿ” ಎಂದು ಯಮುನಮ್ಮ ಗಂಭೀರವಾಗಿಯೇ ಕೇಳುತ್ತಾರೆ. ನಾನೂ ಒಂದು ತಂಬಿಗೆ ಕೊಂಡೆ, ಅಮ್ಮನ ಹೆಸರು ಹಾಕಿಸಿದೆ. ಜೋರಾಗಿ ಹೇಳಿ ಎಂದರು. ಅಮ್ಮನ ಹೆಸರನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಹತ್ತರ ಸುಮಾರಿಗೆ ಹೋಂಸ್ಟೇ ನಡೆಸುವವರೊಬ್ಬರು ಬಂದು ಟವೆಲ್ ಸರಿಸಿ ತಾಮ್ರದ ಕೊಡ ನೋಡುತ್ತಾರೆ. ಎಲ್ಲ ತಂಬಿಗೆಗಳ ಜೊತೆ ಇದೂ ಬೇಕು, ಹೆಸರು ಮಾತ್ರ ಉಜ್ಜಿ ತೆಗೆದುಕೊಡಿ ಎನ್ನುತ್ತಾರೆ. “ತಂಬಿಗಿ ಒಯ್ರಿ. ಕೊಡ ಮಾರಾಟಕ್ಕಿಲ್ಲ. ಹೆಸರಂತೂ ಯಾವುದರದ್ದೂ ತೆಗೆಯಲ್ರಿ” ಎಂದು ಯಮುನಮ್ಮ ಟವೆಲ್ ಮತ್ತೆ ಹೊದಿಸುತ್ತಾರೆ. ಅವರು ಏನನ್ನೂ ಕೊಳ್ಳದೆ ಹೋಗುತ್ತಾರೆ. ಇವತ್ತಿನ ದೊಡ್ಡ ವ್ಯಾಪಾರ ಅದಾಗುತ್ತಿತ್ತು.

ಈ ಕೊಡ ಯಮುನಮ್ಮನಿಗೆ ಸಿಕ್ಕಿದ್ದು ಹೋದ ತಿಂಗಳು, ಶಿರಾಳಕೊಪ್ಪದ ಗುಜರಿಯಲ್ಲಿ. ಬೆರಳು ತಾಗಿದ ಕೂಡಲೇ ತನ್ನ ಚುಕ್ಕಿಗಳೆಂದು ಗೊತ್ತಾಯಿತಂತೆ. ಹೆಸರು ಓದಿ ಅಲ್ಲೇ ಕೂತುಬಿಟ್ಟರು. ಬಂಗಾರಮ್ಮ ಸಿಟ್ಟಿನಿಂದ ಎಸೆದರೇ, ಇಲ್ಲ ಆಕೆಯೇ ಇಲ್ಲವಾದರೇ ಎಂದು ಊಟ ಸೇರಲಿಲ್ಲ. ಸೌಂದರ್ಯ ಕೊಡದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. ವಾರದೊಳಗೆ ಜಡೆಯಿಂದ ಒಂದು ಉತ್ತರ ಬಂತು, ಉಡುತಡಿಯಿಂದ ಇನ್ನೊಂದು.

ಹನ್ನೊಂದಕ್ಕೆ ಜಡೆ ಕಡೆಯ ಬಸ್ಸಿನಿಂದ ಇಳಿದ ಬಂಗಾರಮ್ಮ ನೇರ ಇಲ್ಲಿಗೆ ಬರುತ್ತಾರೆ. ಐವತ್ತು ದಾಟಿದ, ನಡಿಗೆಯಲ್ಲಿ ಬಿರುಸಿನ ಹೆಂಗಸು. ಯಮುನಮ್ಮ ಎದ್ದು ನಿಂತು ಕೈ ಮುಗಿಯುತ್ತಾರೆ. ಬಂಗಾರಮ್ಮ ಅವರ ಕಡೆ ನೋಡುವುದೇ ಇಲ್ಲ. ಕೊಡವನ್ನೆತ್ತಿ ಸೊಂಟದ ಮೇಲಿಟ್ಟು, ಆಮೇಲೆ ಉಸಿರು ಬಿಡುತ್ತಾರೆ.

“ನಾನು ಮಗಳ ಮನೆಗೆ ಹೋಗಿದ್ದೆ ಕಣ್ರೀ. ಸೊಸೆ ಅಟ್ಟ ಗುಡಿಸಿದ್ಲು. ಈ ಹೆಸರಿನವ್ರು ನಮ್ಮನೇಲಿ ಯಾರೂ ಇಲ್ವಲ್ಲ, ಯಾವ್ದೋ ಹಳೇದು ಅಂತ ಗುಜರಿಯವನಿಗೆ ಹಾಕಿ ಕುಕ್ಕರ್ ತಗೊಂಡಿದ್ಲು. ಅವಳ ತಪ್ಪೇನು, ಹೆಸರು ನೋಡಿ ಕೊಟ್ಟಿದ್ದು. ನಾನು ಎರಡು ದಿನ ಅವಳ ಹತ್ರ ಮಾತಾಡ್ಲಿಲ್ಲ.”

“ತಪ್ಪು ನಂದೇ ರೀ” ಎನ್ನುತ್ತಾರೆ ಯಮುನಮ್ಮ. “ನನಗಾಗ ಓದಾಕ ಬರ್ತಿರ್ಲಿಲ್ಲ. ನಿಮ್ಮ ಮದುವಿ ದಿನ ನಿಮ್ಮನ್ನ ಅಳಿಸಿಬಿಟ್ಟೆ.”

“ಅತ್ತಿದ್ದು ಹೌದು. ಒಂದು ತಿಂಗಳು ಆ ಹೆಸರು ಕಂಡ್ರೆ ಮೈ ಉರೀತಿತ್ತು. ಆಮೇಲೆ ಏನಾಯ್ತು ಗೊತ್ತಾ? ಹೊಸ ಮನೆ, ಹೇಳ್ಕೊಳ್ಳೋಕೆ ಯಾರಿಲ್ಲ. ಬಾವಿ ಹತ್ರ ಈ ಶಕುಂತಲಮ್ಮನ ಜೊತೆಗೇ ಮಾತಾಡೋಕೆ ಶುರು ಮಾಡ್ದೆ. ನಿಮ್ಮತ್ತೆನೂ ಹಿಂಗೇನಾ, ನಿಂಗೂ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸ್ತಾರಾ ಅಂತ. ಮೂವತ್ನಾಲ್ಕು ವರ್ಷ ಕಣ್ರೀ. ಇವಳಿಗೆ ಹೇಳದೇ ಇರೋದು ಒಂದೂ ಇಲ್ಲ.”

ಅಂಗಡಿಯ ಮುಂದೆ ನಿಂತ ಗಿರಾಕಿಗಳು ಚೌಕಾಸಿ ಮರೆತಿದ್ದಾರೆ. ಸೌಂದರ್ಯ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಬಂಗಾರಮ್ಮನ ಮುಂದೆ ಹಿಡಿಯುತ್ತಾರೆ. ಆ ತುದಿಯಲ್ಲಿ ಉಡುತಡಿಯ ಶಕುಂತಲಮ್ಮ. ಮೊಣಕಾಲು ನೋವು, ಬಸ್ಸು ಹತ್ತಲಾರರು.

“ಬಂಗಾರಮ್ಮ ಅಂದ್ರ ನೀವೇನ್ರಿ?” ಎಂದು ಆ ಕಡೆಯಿಂದ ದನಿ ಬರುತ್ತದೆ. “ನಿಮ್ಮ ಹೆಸರಿನ ಕೊಡದಾಗ ನೀರು ತಂದು ನಾಲ್ಕು ಬಾಣಂತನ ಆದ್ವು ನಮ್ಮನ್ಯಾಗ. ನಮ್ಮವರು ಕೇಳಾಕ ಹೊಂಟಿದ್ರು, ನಾನೇ ಬ್ಯಾಡಂದೆ. ಬಂಗಾರ ತಾನಾಗೇ ಮನಿಗೆ ಬಂದೈತಿ, ವಾಪಸ್ ಯಾಕ ಕೊಡ್ಲಿ ಅಂದಿದ್ದೆ.”

ಬಂಗಾರಮ್ಮ ನಗುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ಯಮುನಮ್ಮ ಮಾತ್ರ ನಗುವುದಿಲ್ಲ. ಅಷ್ಟು ವರ್ಷ ಹೊತ್ತದ್ದು ಇಷ್ಟು ಹಗುರಾಗಿ ಇಳಿದೀತೆಂದು ಅವರಿಗೆ ಇನ್ನೂ ನಂಬಿಕೆ ಬಂದಂತಿಲ್ಲ. ಕೊಡವನ್ನು ಏನು ಮಾಡಲಿ, ಹೆಸರು ತಿದ್ದಲೇ ಎಂದು ಕೇಳುತ್ತಾರೆ.

“ತಿದ್ದೋದೇನೂ ಬೇಡ. ಅವಳ ಪಕ್ಕದಲ್ಲಿ ನನ್ನದೂ ಹಾಕಿ. ಇನ್ನೊಂದ್ಸಲ ಯಾರೂ ಕುಕ್ಕರ್ ತಗೋಬಾರ್ದು ನೋಡಿ.”

ಯಮುನಮ್ಮ ಕೊಡವನ್ನು ಮರಳಿನ ಚೀಲದ ಮೇಲೆ ಮಲಗಿಸುತ್ತಾರೆ. ಹಳೆಯ ಹೆಸರಿನ ಪಕ್ಕ ಬೆರಳಿಟ್ಟು ಅಳೆಯುತ್ತಾರೆ, ಸರಿಯಾಗಿ ನಾಲ್ಕು. ಚೀಟಿ ಬರೆಸಿಕೊಂಡು ಓದುತ್ತಾರೆ, ನೀವೂ ಹೇಳಿ ಎನ್ನುತ್ತಾರೆ. ಬಂಗಾರಮ್ಮ ಹೇಳುತ್ತಾರೆ. ಇನ್ನೊಮ್ಮೆ ಹೇಳಿಸುತ್ತಾರೆ. ಆಮೇಲೆ ಪೆಟ್ಟು ಬೀಳತೊಡಗುತ್ತದೆ. ಈಚೆಗೆ ಕೈ ಬೇಗ ಸೋಲುತ್ತದೆ, ಒಂದು ಅಕ್ಷರ ಮುಗಿಸಿ ನಿಂತು ಮುಂದಿನದಕ್ಕೆ ಹೋಗುತ್ತಾರೆ. ಮುಗಿಯುವ ಹೊತ್ತಿಗೆ ಅರ್ಧ ಗಂಟೆ. ಹೊಸ ಚುಕ್ಕಿಗಳು ಕೆಂಪಗೆ ಹೊಳೆಯುತ್ತವೆ, ಹಳೆಯವು ಸವೆದು ನುಣುಪಾಗಿವೆ. ಕೈಬರಹ ಮಾತ್ರ ಒಂದೇ.

ಬಂಗಾರಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದ ಯಮುನಮ್ಮ ಖಾಲಿಯಾದ ಗೋಡೆಯ ಬದಿಯನ್ನು ಒಮ್ಮೆ ನೋಡಿ ಚಾಣ ಒರೆಸಲು ಕೂರುತ್ತಾರೆ. ಈಗ ನೆಮ್ಮದಿಯೇ ಎಂದು ಕೇಳುತ್ತೇನೆ.

“ಒಂದು ಆತ್ರಿ. ಹಿತ್ತಾಳಿ ಕೊಡ ಇನ್ನೂ ಉಡುತಡಿಯಾಗ ಐತಲ್ಲ, ಅದಕ್ಕ ಶಕುಂತಲಮ್ಮೋರ ಹೆಸರು ಹಾಕ್ಬೇಕು. ಮಂಗಳವಾರ ಇಬ್ರೂ ಹೊಂಟೀವಿ, ನಾನು, ಬಂಗಾರಮ್ಮೋರು. ಕೈ ಇಷ್ಟು ನೆಟ್ಟಗ ಇದ್ದಾಗ ಅದೊಂದು ಆಗ್ಬಿಡ್ಲಿ.”

ಅದರ ಮೇಲೆ ಜಾಗ ಇರುತ್ತದೆಯೇ ಎಂದು ಕೇಳಿಬಿಡುತ್ತೇನೆ. ಯಮುನಮ್ಮ ಚಾಣ ಒರೆಸುವುದನ್ನು ನಿಲ್ಲಿಸಿ, ಇಷ್ಟು ಹೊತ್ತು ಏನು ನೋಡಿದಿರಿ ಎಂಬಂತೆ ನನ್ನ ಮುಖ ನೋಡುತ್ತಾರೆ.

“ಅದನ್ನೂ ನಾನೇ ಹಾಕಿದ್ದಲ್ರಿ” ಎನ್ನುತ್ತಾರೆ. “ಜಾಗ ಬಿಟ್ಟಿರ್ತೀನಿ.”