ಬಾಗಿಲಿಲ್ಲದ ಮನೆಯ ಸಮನ್ಸು

ಹೋದ ವಾರ ನನ್ನಾಕೆ ಹಳೆಯ ಟ್ರಂಕಿನೊಳಗೆ ಕಾಗದ ಅಂಟಿಸಲೆಂದು ಮೈದಾ ಕಲಸಿ ಒಲೆಯ ಮೇಲಿಟ್ಟಿದ್ದಳು. ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತವನ್ನೂ ಹಾಕಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಕೋರ್ಟಿನ ಸಮನ್ಸು ಜಾರಿ ಮಾಡುವ ಕೆಲಸದಲ್ಲಿ ಅಂಥದೇ ಅಂಟಿನ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ವರ್ಷಗಟ್ಟಲೆ ತಿರುಗಿದವನು ನಾನು. ಆಸಾಮಿ ಸಿಕ್ಕರೆ ಕೈಗೆ ಕೊಡಬೇಕು. ಸಿಗದಿದ್ದರೆ ಊರಿನ ಇಬ್ಬರ ಎದುರು ಮನೆ ಬಾಗಿಲಿಗೆ ಅಂಟಿಸಿ, ಅವರ ಸಹಿ ಹಾಕಿಸಿ ವರದಿ ಬರೆಯಬೇಕು. ಆ ವಾಸನೆಯ ಹಿಂದೆಯೇ ನಮ್ಮ ಮುನ್ಸಿಫ್ ಸಾಹೇಬರು ನೆನಪಾದರು…

ತೊಂಬತ್ತರ ದಶಕದಲ್ಲಿ ಮೂರು ವರ್ಷ ನಮ್ಮ ಕೋರ್ಟಿನಲ್ಲಿದ್ದರು. ಸಣಕಲು ದೇಹ, ದಪ್ಪ ಕನ್ನಡಕ. ಅದನ್ನು ಕರಿ ಗೌನಿನ ತುದಿಯಲ್ಲೇ ಒರೆಸಿಕೊಳ್ಳುತ್ತಿದ್ದರು. ಪ್ರತಿವಾದಿ ಹಾಜರಾಗದೆ ಏಕಪಕ್ಷೀಯ ತೀರ್ಪು ಕೊಡಬೇಕಾದಾಗ ಅವರದೊಂದು ಪದ್ಧತಿಯಿತ್ತು. ಸಮನ್ಸು ತರಿಸಿ, ಹಿಂಬದಿಯ ಎರಡು ಸಹಿಗಳ ಮೇಲೆ ಬೆರಳಾಡಿಸಿ, ಜಾರಿ ಮಾಡಿದವನನ್ನು ಕರೆಸಿ ಒಂದೇ ಮಾತು ಕೇಳುತ್ತಿದ್ದರು: "ಹೋಗಿದ್ರಾ?" ನಾವು ಹೊರಗೆ ಬಂದು "ಊಟಕ್ಕೆ ಹೋಗಿದ್ರಾ?" ಎಂದು ಅವರ ದನಿಯಲ್ಲೇ ಅಣಕಿಸಿಕೊಂಡು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಬಾಗೂರಿನಿಂದ ಮೂರು ಮೈಲಿ ಒಳಗಿನ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಸಮನ್ಸು ಇತ್ತು. ಗಂಡ ತೀರಿಹೋಗಿದ್ದ. ಅವಳಿದ್ದ ಮನೆ ತನ್ನದೆಂದು ಮೈದುನ ದಾವೆ ಹೂಡಿದ್ದ. ಅಂದು ನೆತ್ತಿ ಸುಡುವ ಬಿಸಿಲು, ಸಾಲದ್ದಕ್ಕೆ ಸೈಕಲ್ಲು ಪಂಕ್ಚರ್. ದಾರಿಯ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತೆ. ಪಕ್ಕದ ಬೆಂಚಿನಲ್ಲಿ ಅದೇ ಹಳ್ಳಿಯ ಇಬ್ಬರಿದ್ದರು.

"ಆಕಿ ಕೂಲಿಗೆ ಹೋಗಿರ್ತಾಳೆ, ಬಿಸ್ಲಾಗೆ ಯಾಕೆ ಹೋಗ್ತೀರಿ ಬಿಡ್ರಿ" ಎಂದರು.

ಚಹಾ ಕುಡಿಸಿ ಇಬ್ಬರ ಸಹಿಯನ್ನೂ ಅಲ್ಲೇ ಹಾಕಿಸಿಕೊಂಡೆ. 'ಬಾಗಿಲು ಮುಚ್ಚಿತ್ತು, ಬಾಗಿಲಿಗೆ ಅಂಟಿಸಿದೆ' ಎಂದು ಬರೆದು, ಅಂಟಿಸಬೇಕಾದ ಪ್ರತಿಯನ್ನು ಮಡಿಚಿ ಜೇಬಿಗಿಟ್ಟೆ.

ಸಾಹೇಬರು ಎಂದಿನಂತೆ ಕರೆಸಿದರು. "ಹೋಗಿದ್ರಾ?"

"ಹೋಗಿದ್ದೆ ಸಾರ್."

ತೀರ್ಪು ಮೈದುನನ ಕಡೆಗಾಯಿತು. ಮನೆ ಬಿಡಿಸಲು ಜನ ಹೋದಾಗಲೇ ಅವಳಿಗೆ ವಿಷಯ ಗೊತ್ತಾದದ್ದು. ಹೇಗೋ ಒಬ್ಬ ವಕೀಲರನ್ನು ಹಿಡಿದು, 'ನನಗೆ ಸಮನ್ಸೇ ಬಂದಿಲ್ಲ, ತೀರ್ಪು ರದ್ದು ಮಾಡಿ' ಎಂದು ಅರ್ಜಿ ಹಾಕಿದಳು. ಕಟಕಟೆಯಲ್ಲಿ ನಿಂತು ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ನಮ್ಮನಿಗೆ ಬಾಗ್ಲೇ ಇಲ್ಲ ಸ್ವಾಮಿ, ಬಿದಿರಿನ ತಟ್ಟಿ ಐತೆ. ಇವ್ರು ಯಾವ ಬಾಗ್ಲಿಗೆ ಅಂಟಿಸಿದ್ರು ಕೇಳ್ರಿ."

ನನ್ನನ್ನೂ ಕಟಕಟೆಗೆ ಹತ್ತಿಸಿ ಪ್ರಮಾಣ ಮಾಡಿಸಿದರು. ನಿಜ ಹೇಳಿದರೆ ಅವಳ ಮನೆ ಉಳಿಯುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು.

"ತಟ್ಟಿಗೇ ಅಂಟಿಸ್ದೆ ಸಾರ್. ಬಾಗಿಲು ಅಂತ ಬರೆಯೋದು ರೂಢಿ."

ಸಾಹೇಬರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. "ಇನ್ನೊಂದು ಸಲ ಯೋಚನೆ ಮಾಡಿ ಹೇಳ್ರಿ. ಹೋಗಿದ್ರಾ?"

"ಹೋಗಿದ್ದೆ ಸಾರ್."

ಹೋಟೆಲಿನ ಇಬ್ಬರೂ ಬಂದು ಹೌದೆಂದರು. ಅವಳ ಕಡೆ ಅವಳ ಮಾತೊಂದೇ. ಅರ್ಜಿ ವಜಾ ಮಾಡಿದ ದಿನ ಸಾಹೇಬರು ಅವಳಿಗೆ ಮೆಲ್ಲಗೆ ಹೇಳಿದರು: "ನನ್ನ ಮನಸ್ಸಿಗೆ ಅನಿಸಿದ್ದನ್ನ ಬರೆಯೋ ಅಧಿಕಾರ ನನಗಿಲ್ಲಮ್ಮ. ಇಲ್ಲಿ ಬಂದ ಸಾಕ್ಷಿನೇ ತೂಗಬೇಕು. ಚಿತ್ರದುರ್ಗದ ಕೋರ್ಟಿಗೆ ಅಪೀಲು ಹೋಗ್ರಿ."

"ಅಲ್ಲೂ ಇವ್ರನ್ನೇ ಕೇಳ್ತಾರೇನು ಸ್ವಾಮಿ?" ಎಂದಳು ನನ್ನ ಕಡೆ ಕೈತೋರಿ. ಸಾಹೇಬರು ಮುಂದಿನ ಕೇಸಿನ ಕಡತ ಎಳೆದುಕೊಂಡರು, ಆದರೆ ಬಹಳ ಹೊತ್ತು ಅದನ್ನು ಬಿಚ್ಚಲಿಲ್ಲ. ಅವಳು ಅಪೀಲಿಗೆ ಹೋಗಲಿಲ್ಲ. ಬಬ್ಬೂರಿನ ಕಡೆ ಕೂಲಿಗೆ ಸೇರಿದಳೆಂದು ಆಮೇಲೆ ಯಾರೋ ಹೇಳಿದರು…

ಸಾಹೇಬರಿಗೆ ವರ್ಗವಾದಾಗ ನಾವೆಲ್ಲ ಹಾರ ಹಾಕಿದೆವು. ನನ್ನ ಸರದಿ ಬಂದಾಗ ಹಾರವನ್ನು ಕೊರಳಿಂದ ತೆಗೆಯುತ್ತ, ನನಗೊಬ್ಬನಿಗೇ ಕೇಳುವಂತೆ, "ಹೋಗಿದ್ರಾ?" ಎಂದರು. ಆಗ ಪ್ರಮಾಣವಿರಲಿಲ್ಲ, ಬರೆದುಕೊಳ್ಳುವವರೂ ಇರಲಿಲ್ಲ. ಅವರ ಕೈಯಲ್ಲಿ ಅಧಿಕಾರವೂ ಉಳಿದಿರಲಿಲ್ಲ. ಅವರ ಚಪ್ಪಲಿ ನೋಡುತ್ತ ಅದೇ ಸುಳ್ಳು ಹೇಳಿದೆ. ಥೂ, ಎಂಥ ನಾಲಿಗೆ ನನ್ನದು!

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು. ಹೋಗಿ ಕಾಲು ಹಿಡಿಯಬೇಕೆಂದು ಎಷ್ಟೋ ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿ ವಾಪಸು ಬಂದಿದ್ದೆ. ಇನ್ನು ನಿಜ ಒಪ್ಪಿಕೊಳ್ಳೋಣವೆಂದರೆ ಅವರಿಲ್ಲ.

ಹೋದ ವಾರ, ಒಲೆಯಿಂದಿಳಿಸಿದ ಅಂಟು ತಣ್ಣಗಾದ ಮೇಲೆ ನನ್ನಾಕೆ ಟ್ರಂಕಿನ ತಳದಿಂದ ಹಳದಿಗಟ್ಟಿದ, ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದಳು. ಹರಿದುಹಾಕಲು ಧೈರ್ಯ ಬಾರದೆ ಬಚ್ಚಿಟ್ಟಿದ್ದ ಆ ಸಮನ್ಸು.

"ಇದೇನ್ರಿ? ಕೋರ್ಟಿನ ಸೀಲು ಐತೆ. ಎಲ್ಲಿಗಾದ್ರೂ ಕೊಡೋದಿತ್ತೇನು?"

"ಯಾವುದೋ ಹಳೇ ಕಾಗದ" ಎಂದೆ. "ತಳಕ್ಕೆ ಅಂಟಿಸಿಬಿಡು."