ಸೂಟಿ ಕೇಳಲು ಹೋದ ದುವಾ

ಬೈಲಹೊಂಗಲ–ಸವದತ್ತಿ ದಾರಿಯಲ್ಲಿ ನಾನು ಖಾಸಗಿ ಬಸ್ಸು ಓಡಿಸುತ್ತಿದ್ದೆ. ಡ್ರೈವರುಗಳಿಗೆ ವಾರಕ್ಕೊಂದು ದಿನದ ರಜೆ, ಸೂಟಿಯೇ ಇರಲಿಲ್ಲ. ಐದು ಹೊತ್ತು ನಮಾಜ್ ಮಾಡುವವನ ಮಾತನ್ನು ಮಾಲಕರು ತೆಗೆದುಹಾಕಲಾರರೆಂದು ಎಲ್ಲರೂ ಸೇರಿ ನನ್ನನ್ನೇ ಮಾತಾಡಲು ಕಳಿಸಿದರು.

“ಬರ್ರಿ ಸಾಬ್ರ, ಚಾ ಕುಡೀರಿ. ನಮ್ಮವ್ವಗ ಆರಾಮಿಲ್ಲ, ಮೊದಲ ಒಂದು ದುವಾ ಮಾಡ್ರಿ,” ಎಂದರು ಮಾಲಕರು.

ಮಾಡಿದೆ. ಅವ್ವನ ಆರೋಗ್ಯ ಬೇಡಿದೆ, ಬಸ್ಸಿನ ಕ್ಷೇಮ ಬೇಡಿದೆ, ಕೊನೆಗೆ ಮಾಲಕರ ಧಂದೆಗೂ ಬರಕತ್ತು ಬೇಡಿದೆ. ಕಣ್ಣೊರೆಸಿಕೊಂಡು ಹೊರಬಂದೆ.

“ಸೂಟಿ ಏನಾತು?” ಎಂದ ಬಾಗಿಲಲ್ಲಿ ಕಾದಿದ್ದ ಡ್ರೈವರ್ ಬಸಪ್ಪ. ನನಗೆ ನೆನಪಾದದ್ದೇ ಆಗ.

“ನಮ್ಮ ಸಲುವಾಗಿ ಹೋಗಿ ಅವರ ಸಲುವಾಗಿ ಬೇಡಿ ಬಂದಿಯಲ್ಲೋ ಮಾಮಾ!” ಎನ್ನುತ್ತ ಅವನೇ ಒಳಗೆ ನುಗ್ಗಿ, ಜಗಳಾಡಿ ಸೂಟಿ ಗಿಟ್ಟಿಸಿದ.

ಮೊದಲ ಸೂಟಿಯ ದಿನ ಮಸೀದಿಯಲ್ಲಿ ಕುಳಿತು ಅಲ್ಲಾಹನಿಗೆ ಶುಕ್ರಿಯಾ ಹೇಳಿದೆ. ಗುಡಿಯ ಮೆಟ್ಟಿಲನ್ನೂ ಹತ್ತದ ಬಸಪ್ಪನ ಕೈಯಿಂದಲೇ ಈ ಸೂಟಿಯನ್ನು ಯಾಕೆ ಕೊಡಿಸಿದೆಯೆಂದು ಅಲ್ಲಾಹನನ್ನು ಕೇಳುವ ಧೈರ್ಯ ಮಾತ್ರ ಆಗಲಿಲ್ಲ.